ಗವಿಯ ಒಲೆಗೆ ಎಷ್ಟು ವರ್ಷ?

ಆದೋನಿಯಿಂದ ಪೂರ್ವಕ್ಕೆ, ಹಳೆಯ ಕರ್ನೂಲು ಜಿಲ್ಲೆಯ ಬೇತಂಚೆರ್ಲದ ಸುತ್ತ ಸುಣ್ಣಕಲ್ಲಿನ ಗುಡ್ಡಗಳಿವೆ. ಅಲ್ಲಿನ ಗವಿಗಳಲ್ಲೊಂದರ ಹೆಸರು ಮುಚ್ಚಟ್ಲ ಚಿಂತಮಾನು ಗವಿ. ಚಿಂತಮಾನು ಎಂದರೆ ತೆಲುಗಿನಲ್ಲಿ ಹುಣಸೆಮರ. ಗವಿ ಎಂಬ ಮಾತು ನಮಗೂ ಅವರಿಗೂ ಸಮಾನವಾದುದು. ಈ ನೆಲದಲ್ಲಿ ಮಾನವನು ಯಾವ ಕಾಲದಿಂದ ನೆಲೆಸಿದ್ದಾನೆ?

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಪುತ್ರ ಹೆನ್ರಿ ಫೂಟ್ 1880ರ ದಶಕದಲ್ಲಿ ಸಮೀಪದ ಬಿಲ್ಲಸರ್ಗಂ ಗವಿಗಳನ್ನು ಉತ್ಖನನ ಮಾಡಿಸಿದರು. ಘೇಂಡಾಮೃಗವೇ ಮೊದಲಾದ ಪ್ರಾಣಿಗಳ ಅವಶೇಷಗಳೊಡನೆ, ಮಾನವನು ಉಪಕರಣವಾಗಿ ರೂಪಿಸಿದನೆಂದು ಅವರು ಭಾವಿಸಿದ ಮೂಳೆಗಳೂ ದೊರೆತವು. ಮಣ್ಣಿನ ಪದರಗಳನ್ನು ನೋಡಿ ಯಾವುದು ಮೊದಲು, ಯಾವುದು ಅನಂತರ ಎಂದು ಹೇಳಬಹುದಾಗಿತ್ತು. ವರ್ಷಗಳ ಲೆಕ್ಕ ಹೇಳುವ ಸಾಧನ ಅಂದು ಇರಲಿಲ್ಲ.

1970ರ ದಶಕದಲ್ಲಿ ಎಂ. ಎಲ್. ಕೆ. ಮೂರ್ತಿಯವರು ಚಿಂತಮಾನು ಗವಿಯನ್ನು ಅಗೆದಾಗ ಒಂದು ಒಲೆಯ ಕುರುಹು ಕಂಡಿತು. ಮಣ್ಣಿನ ಖನಿಜಕಣಗಳು ನೆಲದ ವಿಕಿರಣದಿಂದ ಶಕ್ತಿಯನ್ನು ಕೂಡಿಡುತ್ತವೆ. ಬೆಂಕಿ ತಗುಲಿದಾಗ ಅದೆಲ್ಲ ಬರಿದಾಗಿ, ಮತ್ತೆ ಮೊದಲಿನಿಂದ ಸಂಗ್ರಹವಾಗತೊಡಗುತ್ತದೆ. ಪ್ರಯೋಗಾಲಯದಲ್ಲಿ ಆ ಮಣ್ಣನ್ನು ಕಾಯಿಸಿ, ಹೊಮ್ಮುವ ಬೆಳಕನ್ನು ಅಳೆದರೆ ಕೊನೆಯ ಬೆಂಕಿಯ ಕಾಲ ತಿಳಿಯುತ್ತದೆ. ಈ ವಿಧಾನದಿಂದ ಆ ಒಲೆಗೆ ಸುಮಾರು 17,400 ವರ್ಷಗಳೆಂದು ಗೊತ್ತಾಯಿತು. ಇದು ಗವಿಯ ವಯಸ್ಸಲ್ಲ, ಅಲ್ಲಿಗೆ ಬಂದ ಮೊದಲ ಮಾನವನ ಕಾಲವೂ ಅಲ್ಲ. ಆ ಒಂದು ಬೆಂಕಿಯ ಕಾಲ ಮಾತ್ರ.

ಅದೇ ಸೀಮೆಯ ಜ್ವಾಲಾಪುರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರು ಮೈಕೇಲ್ ಪೆಟ್ರಾಗ್ಲಿಯಾ ಮೊದಲಾದವರೊಡನೆ ನಡೆಸಿದ ಸಂಶೋಧನೆ ಕಾಲವನ್ನು ಇನ್ನೂ ಹಿಂದಕ್ಕೆ ಒಯ್ದಿತು. ಅಲ್ಲಿನ ಒಂದು ಬಂಡೆಯಾಸರೆಯಲ್ಲಿ ಸೂಕ್ಷ್ಮಶಿಲಾ ಉಪಕರಣಗಳು ಸುಮಾರು 35,000 ವರ್ಷಗಳಷ್ಟು ಹಿಂದಿನಿಂದ ದೊರೆಯುತ್ತವೆ. ಹತ್ತಿರದ ಬಯಲಿನಲ್ಲಿ, ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಉಗುಳಿದ ಬೂದಿಯ ಪದರವಿದೆ. ಅದರ ಕೆಳಗೂ ಮೇಲೂ ಕಲ್ಲಿನ ಉಪಕರಣಗಳಿವೆ. ಆ ಕಾಲದ ಮಾನವ ಅಸ್ಥಿ ಅಲ್ಲಿ ದೊರೆಯದ ಕಾರಣ, ಅವುಗಳನ್ನು ಮಾಡಿದವರು ನಮ್ಮಂಥ ಮಾನವರೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಗಡಿನಾಡಿನಲ್ಲಿ ಬಾಳುವ ನಮ್ಮನ್ನು 'ಇಲ್ಲಿಗೆ ಮೊದಲು ಬಂದವರು ಯಾರು?' ಎಂದು ಆಗಾಗ ಕೇಳುವುದುಂಟು. ನಾವು ಶಾಸನಗಳನ್ನು ತೋರಿಸುತ್ತೇವೆ, ಅದು ಯುಕ್ತವೇ. ಆದರೆ ಆ ಒಲೆ ಉರಿದಾಗ ಕನ್ನಡವೂ ಇರಲಿಲ್ಲ, ತೆಲುಗೂ ಇರಲಿಲ್ಲ. ಅದರ ಸುತ್ತ ಕುಳಿತವರನ್ನು ಯಾವ ಪಕ್ಷದವರೂ ಸಾಕ್ಷಿಗೆ ಕರೆಯಲಾರರು. ಆ ಗವಿಗಳನ್ನು ಕಾಪಾಡುವ ಹೊಣೆ ಮಾತ್ರ ಇಬ್ಬರದೂ ಆಗಿದೆ.