ಮೂಳೆ ಕೂಡಿತು, ಕೈ ಬರಲಿಲ್ಲ

ಮೂವತ್ತಕ್ಕೂ ಹೆಚ್ಚು ವರ್ಷ ಸೀಮೆಸುಣ್ಣ ಹಿಡಿದ ನನ್ನ ಬಲಗೈ ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದಲ್ಲಿ, ನನಗೇ ಅಪರಿಚಿತವಾಯಿತು. ಹಿತ್ತಿಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ, ಅಂಗೈ ಊರಿ ಬಿದ್ದೆ. ಮಣಿಕಟ್ಟಿನ ಬಳಿ ಮೂಳೆ ಮುರಿಯಿತು. ಆರು ವಾರಗಳ ಬಳಿಕ ಪ್ಲಾಸ್ಟರ್ ಬಿಚ್ಚಿದ ವೈದ್ಯರು ಮೂಳೆ ಚೆನ್ನಾಗಿ ಕೂಡಿದೆಯೆಂದರು. ಆದರೆ ಮನೆಗೆ ಬಂದು ಅನ್ನ ಕಲಸಹೋದರೆ ಬೆರಳುಗಳು ಮಡಚಲೊಲ್ಲವು. ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನವರು ನನ್ನ ಚೆಕ್ಕನ್ನು ಹಿಂದಿರುಗಿಸಿದರು. ಮೂಳೆ ಕೂಡಿದ ಮೇಲೂ ಕೈ ಏಕೆ ಬರಲಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿದಾಗ, ವೈದ್ಯಶಾಸ್ತ್ರವೂ ಉತ್ತರಕ್ಕಾಗಿ ಬಹುಕಾಲ ತಡಕಾಡಿತ್ತೆಂಬುದು ತಿಳಿಯಿತು.

ನನಗಾದ ಬಗೆಯ ಮುರಿತಕ್ಕೆ ‘ಕಾಲಿಸ್ ಮುರಿತ’ವೆಂದು ಹೆಸರು. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಅವರು 1814ರಲ್ಲಿ ಇದನ್ನು ವಿವರಿಸಿ ಲೇಖನ ಬರೆದರು. ಅದುವರೆಗೆ ಅನೇಕರು ಇದನ್ನು ಕೀಲು ತಪ್ಪಿದ್ದೆಂದೇ ಭಾವಿಸುತ್ತಿದ್ದರು. ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅದಕ್ಕಿಂತ 81 ವರ್ಷ ಮೊದಲೇ ಕಾಲಿಸ್ ಅವರು ಕಣ್ಣು ಮತ್ತು ಬೆರಳುಗಳ ನೆರವಿನಿಂದಲೇ, ಮಣಿಕಟ್ಟಿಗಿಂತ ಸುಮಾರು ಒಂದೂವರೆ ಅಂಗುಲ ಮೇಲೆ ಮೂಳೆ ಮುರಿದಿರುವುದನ್ನು ಗುರುತಿಸಿದ್ದರು!

1852ರಲ್ಲಿ ಡಚ್ ಸೇನಾವೈದ್ಯ ಮಥೈಸೆನ್ ಪ್ಲಾಸ್ಟರ್ ಪಟ್ಟಿಯ ವಿಧಾನವನ್ನು ಪ್ರಕಟಿಸಿದ ಮೇಲೆ, ಮುರಿದ ಮೂಳೆಗೆ ಅಲುಗದ ಆಸರೆ ದೊರೆಯಿತು. ದೀರ್ಘ ವಿಶ್ರಾಂತಿಯೇ ಔಷಧವೆಂದು ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಸಾರಿದರು. ಪ್ಯಾರಿಸ್ಸಿನ ಲೂಕಾ-ಶಾಂಪಿಯೊನ್ನಿಯೇರ್ ಅವರಾದರೋ ಮೃದುವಾದ ಚಲನೆ ಮತ್ತು ನೀವುವಿಕೆ ಬೇಕೆಂದು ವಾದಿಸಿದರು. ಇಬ್ಬರಲ್ಲೂ ಅರ್ಧ ಸತ್ಯವಿತ್ತು. ಮೂಳೆ ಕೂಡಲು ನಿಶ್ಚಲತೆ ಬೇಕು. ಆದರೆ ಕೈಯೆಲ್ಲವೂ ನಿಶ್ಚಲವಾದರೆ ಬಾವು ಇಳಿಯದೆ, ಸ್ನಾಯುರಜ್ಜುಗಳು ಅಂಟಿಕೊಂಡು, ಕೀಲುಗಳು ಬಿಗಿಯುತ್ತವೆ. ಪ್ಲಾಸ್ಟರಿನೊಳಗಿದ್ದಾಗಲೂ ಬೆರಳಾಡಿಸುತ್ತಿರಿ ಎಂದು ನನಗೆ ಹೇಳಿದ್ದರು. ನೋವಿನ ಭಯಕ್ಕೆ ನಾನು ಆಡಿಸಲಿಲ್ಲ. ತಪ್ಪು ನನ್ನದೇ.

ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಅಮೆರಿಕದಲ್ಲಿ ಸ್ಟರ್ಲಿಂಗ್ ಬನ್ನೆಲ್ ಅವರ ಮಾರ್ಗದರ್ಶನದಲ್ಲಿ ಕೈ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರಗಳು ಆರಂಭವಾದವು. ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ನಮ್ಮ ನೆರೆಯ ವೆಲ್ಲೂರಿನ ಕಥೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಜನಿಸಿದ ಡಾ. ಪಾಲ್ ಬ್ರ್ಯಾಂಡ್ ಅವರು 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗದಿಂದ ಬೆರಳುಗಳು ಕೊಕ್ಕೆಯಂತೆ ಮಡಚಿಹೋದವರನ್ನು ಸಮಾಜ ದೂರವಿಟ್ಟಿದ್ದ ಕಾಲವದು. ಬ್ರ್ಯಾಂಡ್ ಅವರು ಬಲವುಳಿದ ಸ್ನಾಯುಗಳ ರಜ್ಜುಗಳನ್ನು ಬೇರೆಡೆಗೆ ಜೋಡಿಸಿ ಆ ಕೈಗಳನ್ನು ಬಿಡಿಸಿದರು.

ಆದರೆ ಕತ್ತರಿಯ ಕೆಲಸ ಅಲ್ಲಿ ಅರ್ಧ ಮಾತ್ರ. ಉಂಗುರಬೆರಳನ್ನು ಮಡಚುತ್ತಿದ್ದ ರಜ್ಜುವೊಂದನ್ನು ಹೆಬ್ಬೆರಳಿಗೆ ಜೋಡಿಸಿದರೆ, ಮಿದುಳಿಗೆ ಅದು ತಿಳಿಯದು. ರೋಗಿಯು ‘ಉಂಗುರಬೆರಳು ಮಡಚುತ್ತೇನೆ’ ಎಂದು ಮನಸ್ಸು ಮಾಡಬೇಕು. ಆಗ ಹೆಬ್ಬೆರಳು ಅಲುಗುತ್ತದೆ. ದಿನವೂ ಅಭ್ಯಾಸ ಮಾಡಿದರೆ ಅದು ಸಹಜವಾಗುತ್ತದೆ. ಇದು ಚಿಕಿತ್ಸೆಯೆನ್ನುವುದಕ್ಕಿಂತ ಶಿಕ್ಷಣವಲ್ಲವೇ? 1966ರಲ್ಲಿ ಬ್ರ್ಯಾಂಡ್ ಅವರು ಅಮೆರಿಕದ ಕಾರ್ವಿಲ್‌ಗೆ ತೆರಳಿದರು. ವೆಲ್ಲೂರಿನ ಅನುಭವವೂ ಅವರೊಂದಿಗೆ ಹೋಯಿತು. 1977ರಲ್ಲಿ ಅಲ್ಲಿನ ಕೈ ಚಿಕಿತ್ಸಕರು ತಮ್ಮದೇ ಸಂಘವನ್ನು ಸ್ಥಾಪಿಸಿದರು.

ನನಗೆ ಚಿಕಿತ್ಸೆ ನೀಡಿದ ಹುಡುಗಿ ನನ್ನ ವಿದ್ಯಾರ್ಥಿನಿಯರ ಮಕ್ಕಳ ವಯಸ್ಸಿನವಳು. ಬೆಚ್ಚನೆಯ ನೀರಿನಲ್ಲಿ ಕೈಯಿರಿಸಿ ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸುವುದು, ಚಪಾತಿ ಹಿಟ್ಟು ನಾದುವುದು, ಕೊನೆಗೆ ಸ್ಲೇಟಿನ ಮೇಲೆ ದೊಡ್ಡ ಅಕ್ಷರ ತಿದ್ದುವುದು ಅವಳು ಕೊಟ್ಟ ಪಾಠ. ನಡುಗುವ ‘ಅ’ಕಾರವನ್ನು ನೋಡಿದಾಗ, ಬರವಣಿಗೆ ಅಂದವಿಲ್ಲವೆಂದು ನಾನು ಅಂಕ ಕಡಿದಿದ್ದ ಹುಡುಗರು ನೆನಪಾದರು. ಆ ಕೈಗಳಿಗೆ ಏನು ಕಷ್ಟವಿತ್ತೋ ನಾನು ಕೇಳಿರಲಿಲ್ಲ.

ನಾಲ್ಕು ತಿಂಗಳ ಬಳಿಕ ಬ್ಯಾಂಕಿನಲ್ಲಿ ಹೊಸ ಸಹಿ ನೋಂದಾಯಿಸಿದೆ. ಹಳೆಯದರಷ್ಟು ದುಂಡಾಗಿಲ್ಲ, ಆದರೆ ಕಲಿತು ಬರೆದದ್ದು.