ಡೇಟಾಬೇಸ್ ರೆಪ್ಲಿಕೇಷನ್ ವೈಫಲ್ಯ

ಮೂಲ ಸರ್ವರ್‌ನಲ್ಲಾದ ಬದಲಾವಣೆ ನಕಲು ಸರ್ವರ್‌ಗೆ ಹೊತ್ತಿಗೆ ಸರಿಯಾಗಿ ತಲುಪದಿರುವುದು, ಇಲ್ಲವೇ ತಲುಪುವುದೇ ನಿಂತುಹೋಗುವುದು. ಕರ್ನಾಟಕದ ನಿಡೋಣಿಯಂಥ ಹಳ್ಳಿಯ ರೈತರ ಪಹಣಿಯೂ ಇಂದು ಡೇಟಾಬೇಸಿನಲ್ಲೇ ಇದೆ. 'ಭೂಮಿ' ಯೋಜನೆ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಇಂಥ ವ್ಯವಸ್ಥೆಯಲ್ಲಿ ನಕಲು ಹಿಂದೆ ಬಿದ್ದರೆ ಖಾತೆ ಬದಲಾದ ಮೇಲೂ ಹಳೆಯ ಹೆಸರೇ ಅಚ್ಚಾಗಿ ಬಂದೀತು.

ಸರ್ವರ್ ಮೇಲೆ ಒತ್ತಡ ಏರಿ ನಕಲು ಹಿಂದೆ ಬಿದ್ದಾಗ ಎಲ್ಲರೂ ಮೊದಲು ನೆಟ್‌ವರ್ಕನ್ನು ದೂರುತ್ತಾರೆ. ಆದರೆ ಬಹಳ ಸಲ ಎಡವುವುದು ನಕಲಿನ ಬರವಣಿಗೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಮೂಲದಲ್ಲಿ ನೂರಾರು ವಹಿವಾಟು ಒಟ್ಟಿಗೇ ನಡೆದರೂ ನಕಲಿನಲ್ಲಿ ಹಿಂದೆ ಒಂದೇ ಥ್ರೆಡ್ ಅವನ್ನು ಸರದಿಯಲ್ಲಿ ಬರೆಯುತ್ತಿತ್ತು. ಒಂದೇ ಡೇಟಾಬೇಸಿನೊಳಗೆ ಸಮಾಂತರ ಬರವಣಿಗೆ ಬಂದದ್ದು 2015ರ 5.7 ಆವೃತ್ತಿಯಲ್ಲಿ. ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀ ಇಲ್ಲದ ದೊಡ್ಡ ಟೇಬಲ್ ಇದ್ದರಂತೂ ಒಂದೊಂದು ಸಾಲು ತಿದ್ದಲೂ ನಕಲು ಇಡೀ ಟೇಬಲನ್ನು ಜಾಲಾಡಬೇಕಾಗಬಹುದು. ತಪಾಸಣೆಯನ್ನು ಇಲ್ಲಿಂದಲೇ ಆರಂಭಿಸುವುದು ಲೇಸು.

ನಕಲು 'ಎಷ್ಟು ಸೆಕೆಂಡ್ ಹಿಂದೆ' ಎಂದು ಮೈಎಸ್‌ಕ್ಯುಎಲ್ ತೋರಿಸುವ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ನೆಟ್‌ವರ್ಕ್ ನಿಧಾನವಿದ್ದಾಗ ಅದು ಸೊನ್ನೆ ತೋರಿಸುವುದೂ ಉಂಟು. ದೋಷ ಸಂಖ್ಯೆ 1062 ಬಂದರೆ ಅದೇ ಕೀ ನಕಲಿನಲ್ಲಿ ಆಗಲೇ ಇದೆ ಎಂದರ್ಥ. ಯಾರೋ ನಕಲಿಗೆ ನೇರವಾಗಿ ಬರೆದಿರಬಹುದು. ಆ ದೋಷವನ್ನು ಹಾರಿಸಿ ಮುಂದೆ ಹೋಗುವುದು ಅಪಾಯಕರ ಅಭ್ಯಾಸ. ದೋಷ ಸಂಖ್ಯೆ 1236 ಬಂದು, ನಕಲು ಓದುವ ಮೊದಲೇ ಮೂಲದ ಬದಲಾವಣೆಗಳನ್ನು ದಾಖಲಿಸುವ ಬೈನರಿ ಲಾಗ್ ಅಳಿಸಿಹೋಗಿದ್ದರೆ, ಬ್ಯಾಕಪ್‌ನಿಂದ ನಕಲನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.