ಗಾಳಿಗೆ ತಕ್ಕ ಇಂಧನ

ಕೋಲಾರದ ಚಿನ್ನದ ಗಣಿಯ ಸೀಮೆಯವರಿಗೆ ಗಾಳಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಾಂಪಿಯನ್ ರೀಫ್ ಗಣಿ ಭೂಮಿಯೊಳಕ್ಕೆ ಮೂರು ಸಾವಿರ ಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಅಲ್ಲಿ ಬಂಡೆ ಕೊರೆಯುವ ಯಂತ್ರಗಳನ್ನು ನಡೆಸುತ್ತಿದ್ದುದು ಕೊಳವೆಗಳಲ್ಲಿ ಒತ್ತಿ ಕಳುಹಿಸಿದ ಗಾಳಿ. 2001ರ ಫೆಬ್ರವರಿಯಲ್ಲಿ ಗಣಿಗಳೇನೋ ಮುಚ್ಚಿದವು. ಆದರೆ ಗಾಳಿಯನ್ನು ಒತ್ತಿ ದುಡಿಸಿಕೊಳ್ಳುವ ವಿದ್ಯೆ ಊರು ಬಿಟ್ಟುಹೋಗಲಿಲ್ಲ. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಕಾರ್ಖಾನೆ ಇಲ್ಲಿಯೇ ಬುಲ್ಡೋಜರುಗಳನ್ನು ತಯಾರಿಸತೊಡಗಿತು. ಅಂಥ ದೊಡ್ಡ ಡೀಸೆಲ್ ಯಂತ್ರದ ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಭಾಗವಿರುತ್ತದೆ. ಅದೇ ಟರ್ಬೋ.

ಕನ್ನಡ ಪಂಡಿತನಿಗೆ ಇದರ ಗೊಡವೆ ಏಕೆಂದು ಓದುಗರು ಕೇಳಬಹುದು. ಈ ಲೇಖನ ಬರೆಯುತ್ತಿರುವ ನನ್ನ ಮೇಜಿನ ಮೇಲೆ ಒಂದು ಪಿಸ್ಟನ್ನು ಇದೆ. ಅದರ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ತಂದುಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ, ಗಣಿ ಕಾರ್ಮಿಕನ ಮಗ, ಡೀಸೆಲ್ ಪಂಪುಗಳ ರಿಪೇರಿಯಲ್ಲಿ ಪಳಗಿದ ಕೈ. ಅದು ಹೇಗಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಚಿಪ್ಪಿನ ಪೂರ್ವೋತ್ತರ.

ಯಂತ್ರ ಹೊರಗೆ ಬಿಸಾಡುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಒಳಕ್ಕೆ ಗಾಳಿಯನ್ನು ಒತ್ತಬಹುದೆಂದು ಕಂಡವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ. ಅವನಿಗೆ ಪೇಟೆಂಟ್ ದೊರೆತದ್ದು 1905ರಲ್ಲಿ. ಕೆಲಸ ಕೈಗೂಡಲು ಇನ್ನಿಪ್ಪತ್ತು ವರ್ಷ ಹಿಡಿಯಿತು. ಅಷ್ಟರೊಳಗೆ, 1918ರಲ್ಲಿ, ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬ ಎಂಜಿನಿಯರು ವಿಮಾನದ ಯಂತ್ರವೊಂದನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟಕ್ಕೆ ಹೊತ್ತೊಯ್ದ. ಬಯಲಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಯಂತ್ರ ಅಲ್ಲಿನ ತೆಳು ಗಾಳಿಯಲ್ಲಿ 230ಕ್ಕೆ ಇಳಿಯಿತು. ಟರ್ಬೋ ಕಟ್ಟಿದಾಗ 356ಕ್ಕೆ ಏರಿತು. ನಮ್ಮ ಗಣಿ ಪ್ರದೇಶವೂ ಸಮುದ್ರಮಟ್ಟಕ್ಕಿಂತ ಎರಡೂವರೆ ಸಾವಿರ ಅಡಿಗೂ ಮೇಲಿದೆ. ಗಾಳಿಯ ಒತ್ತಡ ಮದರಾಸಿನ ಕಡಲತಡಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ.

ಗಾಳಿ ಹೆಚ್ಚಿದರೆ ಸಾಲದು, ಇಂಧನ ಅದನ್ನು ಅನುಸರಿಸಬೇಕು. ಕರ್ತೃಪದ ಬಹುವಚನವಾದರೆ ಕ್ರಿಯಾಪದವೂ ಬಹುವಚನವಾಗಬೇಕಷ್ಟೆ, ಇದೂ ಹಾಗೆಯೇ. ವ್ಯಾಕರಣದಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಇಲ್ಲಿ ಯಂತ್ರವೇ ಹೋಗುತ್ತದೆ.

ಡೀಸೆಲಿನವರು ಇದಕ್ಕೆ ಅಚ್ಚುಕಟ್ಟಾದ ಉಪಾಯ ಕಂಡುಕೊಂಡರು. ಇಂಧನ ಪಂಪಿನ ನೆತ್ತಿಯ ಮೇಲೆ ತೆಳುವಾದ ಪೊರೆಯುಳ್ಳ ಒಂದು ಡಬ್ಬಿ. ಟರ್ಬೋ ಒತ್ತಿದ ಗಾಳಿ ಆ ಪೊರೆಯನ್ನು ತಳ್ಳಿದ ಮೇಲೆಯೇ ಪಂಪು ಹೆಚ್ಚಿನ ಡೀಸೆಲನ್ನು ಬಿಡುತ್ತದೆ. ಗಾಳಿ ಬಾರದೆ ಡೀಸೆಲು ಬಂದರೆ ಕರಿಹೊಗೆ; ಹಾಗೆಯೇ ಹೆಚ್ಚುತ್ತ ಹೋದರೆ ಹೊಗೆಯ ಶಾಖ ಏರಿ ಟರ್ಬೋ ಸೀಯುತ್ತದೆ. ಆದ್ದರಿಂದ ಡೀಸೆಲ್ ಮೇಸ್ತ್ರಿಯ ಸೂತ್ರ ಸುಲಭ: ಸಂಶಯ ಬಂದರೆ ಇಂಧನವನ್ನು ಇಳಿಸು.

ಪೆಟ್ರೋಲಿನ ಕಥೆ ಇದಕ್ಕೆ ತೀರ ವಿರುದ್ಧ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಟರ್ಬೋ ಒತ್ತುತ್ತಿರುವಾಗ ಈ ಲೆಕ್ಕಕ್ಕೇ ಅಂಟಿಕೊಂಡರೂ ಅಪಾಯ. ಗಾಳಿಯನ್ನು 12ರ ಆಸುಪಾಸಿಗೆ ಇಳಿಸುವಂತೆ ಇಂಧನವನ್ನು ಧಾರಾಳವಾಗಿ ಕೊಡಬೇಕು. ಹೆಚ್ಚಿನ ಪೆಟ್ರೋಲು ಆವಿಯಾಗುತ್ತ ಒಳಗನ್ನು ತಂಪು ಮಾಡುತ್ತದೆ. ಕಡಿಮೆಯಾದರೆ ಮಿಶ್ರಣ ಕಾದು, ಕಿಡಿಯ ಬೆಂಕಿ ಹಬ್ಬುವ ಮೊದಲೇ ಮೂಲೆಯಲ್ಲಿ ತಾನಾಗಿ ಸಿಡಿಯುತ್ತದೆ. ಮೇಸ್ತ್ರಿಗಳು ‘ನಾಕಿಂಗ್’ ಎನ್ನುವುದು ಇದನ್ನೇ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಒಳಗಿನ ಜ್ವಾಲೆ ಎರಡು ಸಾವಿರಕ್ಕೂ ಮೇಲೆ.

1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೋ ಕಾರು ಮಾರುಕಟ್ಟೆಗೆ ಬಂದಾಗ ಈ ಸಿಡಿತವನ್ನು ತಡೆಯಲು ಬೇರೊಂದು ತೊಟ್ಟಿಯಿಂದ ಮೆಥನಾಲ್ ಬೆರೆಸಿದ ನೀರನ್ನು ಚಿಮುಕಿಸುತ್ತಿದ್ದರು. ತೊಟ್ಟಿ ತುಂಬಿಸಲು ಒಡೆಯರು ಮರೆಯುತ್ತಿದ್ದರು. ತೊಟ್ಟಿ ಬರಿದಾದರೆ ಟರ್ಬೋವಿನ ಒತ್ತಡ ತಾನಾಗಿ ತಗ್ಗುವ ಏರ್ಪಾಡಿತ್ತೆನ್ನಿ, ಆದರೂ ಆ ಕಾರು ಎರಡು ವರ್ಷಕ್ಕೇ ನಿಂತಿತು. ಮುಂದೆ 1976ರಿಂದ ಕಾರುಗಳ ಹೊಗೆಕೊಳವೆಗೆ ಆಮ್ಲಜನಕವನ್ನು ಅಳೆಯುವ ಸಾಧನ ಬಂದು, ಮಿಶ್ರಣವನ್ನು ಕ್ಷಣಕ್ಷಣಕ್ಕೂ ತೂಗುವುದು ಸಾಧ್ಯವಾಯಿತು.

ಈಗ ನಮ್ಮ ಹುಡುಗನ ಸಂಗತಿ. ಬಂಗಾರಪೇಟೆಯ ರಸ್ತೆಯಲ್ಲಿ ಅವನದೊಂದು ಸಣ್ಣ ಶೆಡ್ಡು. ಹಳೆಯ ಟರ್ಬೋ ಪೆಟ್ರೋಲ್ ಕಾರೊಂದನ್ನು ಕೊಂಡು, ಗಾಳಿಯ ಒತ್ತಡವನ್ನು ಏರಿಸಿದ. ಸಂಶಯ ಬಂತು. ಡೀಸೆಲಿನಲ್ಲಿ ಕಲಿತ ಸೂತ್ರದಂತೆ ಇಂಧನವನ್ನು ತುಸು ಇಳಿಸಿದ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಗೆ ಬಿಟ್ಟ. “ಏನು ಓಟ ಮೇಷ್ಟ್ರೇ, ಎರಡೇ ನಿಮಿಷ!” ಎಂದ. ಮೂರನೆಯ ನಿಮಿಷಕ್ಕೆ ನೀಲಿ ಹೊಗೆ, ಗಾಜಿನ ತುಂಬ ಎಣ್ಣೆ, ಹಿಂದೆ ಲಾರಿಯ ಹಾರ್ನು. ತಮ್ಮನಿಗೆ ಏನೂ ಆಗಲಿಲ್ಲ. ಒಂದೂವರೆ ವರ್ಷದ ಉಳಿತಾಯ ಮಾತ್ರ ಹೋಯಿತು.

ಎರಡನೆಯ ಸಲ ಅವನು ಕೆಲಸಕ್ಕೆ ಕೂತಾಗ ನಾನು ಸ್ಟೂಲಿನ ಮೇಲೆ ಕುಳಿತು ನೋಡಿದೆ. ಗಾಳಿಯ ತಂಟೆಗೆ ಹೋಗಲಿಲ್ಲ. ಮೊದಲು ಇಂಧನದ ಮನೆವಾರ್ತೆ ನೋಡಿದ. ಪೂರ್ತಿ ಭಾರದಲ್ಲಿ ಪಂಪು ಗಂಟೆಗೆ ಎಷ್ಟು ಲೀಟರು ಕೊಡಬಲ್ಲದೆಂದು ಅಳೆದ. ಇಂಜೆಕ್ಟರು ಪೆಟ್ರೋಲನ್ನು ಚಿಮ್ಮಿಸಬೇಕಾದದ್ದು ಒತ್ತಿದ ಗಾಳಿಯ ಎದುರಿಗೆ. ಆದ್ದರಿಂದ ಗಾಳಿಯ ಒತ್ತಡ ಏರಿದಷ್ಟೇ ಇಂಧನದ ಒತ್ತಡವೂ ಏರುತ್ತದೆಯೇ ಎಂದು ಮಾಪಕ ಕಟ್ಟಿ ನೋಡಿದ. ಇಂಜೆಕ್ಟರು ಸದಾ ತೆರೆದೇ ಇರಬೇಕಾದ ಸ್ಥಿತಿ ಬರಬಾರದು, ನೂರಕ್ಕೆ ಎಂಬತ್ತೈದರ ಒಳಗೆ ನಿಲ್ಲಬೇಕು ಎಂದು ದೊಡ್ಡದನ್ನೇ ಹಾಕಿದ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ ಅದೇ ಗಾಳಿಗೆ ಇಂಧನ ಇನ್ನೂ ತುಸು ಹೆಚ್ಚು ಬೇಕೆಂಬುದನ್ನೂ ಲೆಕ್ಕಕ್ಕೆ ತಂದ. ಕಿಡಿಯ ಹೊತ್ತನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. ಇಷ್ಟೂ ಆದ ಮೇಲೆಯೇ ಗಾಳಿ, ಅದೂ ಚೂರುಚೂರಾಗಿ.

ಪರೀಕ್ಷೆ ಈ ಸಲ ರಸ್ತೆಯಲ್ಲಲ್ಲ. ಬೆಂಗಳೂರಿಗೆ ಒಯ್ದು, ಉರುಳೆಗಳ ಮೇಲೆ ಚಕ್ರ ಓಡಿಸುವ ಯಂತ್ರಕ್ಕೆ ಕಟ್ಟಿಸಿದ. ಮಾಪಕದ ಅಂಕಿ 11.8, 12, 12.1 ಎಂದು ತೋರಿಸುತ್ತಿತ್ತು. ಮುಂದಿನ ಮೆಟ್ಟಿಲಿನಲ್ಲಿ 12.9 ಎಂದಿತು. ಯಂತ್ರ ಇನ್ನೂ ಚೆನ್ನಾಗಿಯೇ ಹಾಡುತ್ತಿತ್ತು. ಅಲ್ಲಿದ್ದವರು “ಇನ್ನೊಂದು ಸಲ ಒತ್ತಪ್ಪ” ಎಂದರು. ಹುಡುಗ ಕಾಲು ತೆಗೆದು, ಕೀ ತಿರುಗಿಸಿ, ಇಂಧನದ ಜಾಲರಿ ಬಿಚ್ಚಿ ನೋಡಿದ. ಅರ್ಧ ಕಟ್ಟಿತ್ತು.